ಹಿತ್ತಾಳೆಯ ಹಿಡಿ ಮುಟ್ಟಿ ಒಳಗೆ ಬನ್ನಿ

ಚಟ್!

ಅವನ ಬೆರಳಿಗೂ ಅವಳ ಬೆರಳಿಗೂ ನಡುವೆ ನೀಲಿ ಕಿಡಿಯೊಂದು ಹಾರಿತು.

"ಅಮ್ಮಾ!" ಸಿಗ್ನಿ ಚೀರಿ ಕೈ ಎಳೆದುಕೊಂಡಳು.

"ಅಯ್ಯೋ, ಕ್ಷಮಿಸಿ... ಕ್ಷಮಿಸಿ!" ಹೊಸಿಲಿನಾಚೆ ನಿಂತವನು ತನ್ನ ಕೈಯನ್ನು ತಾನೇ ದಿಗಿಲಿನಿಂದ ನೋಡಿಕೊಂಡ. ಗಡ್ಡದ ತುಂಬ ಹಿಮದ ಹರಳು, ಹೆಗಲಲ್ಲಿ ಸಲಕರಣೆಯ ಚೀಲ. "ಕೈ ಕೊಡೋ ಗಡಿಬಿಡೀಲಿ ಮರೆತೇಬಿಟ್ಟೆ."

"ಈ ಗಿಮ್ಲಿ ಊರಿನವರೇ ತಾನೆ ನೀವು? ಚಳಿಗಾಲದಲ್ಲಿ ಮೊದಲು ಬಾಗಿಲ ಹಿಡಿ ಮುಟ್ಟಿ, ಆಮೇಲೆ ಮನುಷ್ಯರನ್ನ ಮುಟ್ಟಬೇಕು ಅಂತ ಮನೇಲಿ ಯಾರೂ ಹೇಳಿಕೊಡ್ಲಿಲ್ವಾ?"

"ಹೇಳಿಕೊಟ್ಟಿದ್ರು. ಆದ್ರೆ ಬಾಗಿಲು ತೆಗೆಯೋರು ಹೀಗಿರ್ತಾರೆ ಅಂತ ಯಾರೂ ಹೇಳಿರ್ಲಿಲ್ಲ."

ಮಾತು ಬಾಯಿಂದ ಜಾರಿದ ಮೇಲೆ ಅವನೇ ಬೆಚ್ಚಿದ. ಕಿವಿ ಕೆಂಪಾಯಿತು. ಅದು ಚಳಿಯ ಕೆಂಪಲ್ಲ!

'ಎಂಥ ಮನುಷ್ಯಪ್ಪಾ ಇವನು...' ಎಂದುಕೊಂಡಳು ಸಿಗ್ನಿ. ಬೆರಳ ತುದಿ ಇನ್ನೂ ಜುಮ್ಮೆನ್ನುತ್ತಿತ್ತು.

ಅವನ ಹೆಸರು ಡ್ಯಾನಿಲೊ. ಬಂದರಿನ ಬೀದಿಯಲ್ಲಿ ಅವನದೊಂದು ಚಿಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ. ಸಿಗ್ನಿ ಅವನನ್ನು ಕರೆಸಿದ್ದು ಒಂದು ಮೈಕಿನ ಸಲುವಾಗಿ.

"ಹೇಳಿ, ಏನು ತೊಂದರೆ?"

"ನಾನು ಪುಸ್ತಕ ಓದ್ತೀನಿ."

"ಅದು ತೊಂದರೆಯಲ್ಲ."

ಅವಳಿಗೆ ನಗು ಬಂತು. ತಡೆದುಕೊಂಡಳು. "ಗಟ್ಟಿಯಾಗಿ ಓದ್ತೀನಿ. ಕೇಳುವ ಪುಸ್ತಕಗಳಿಗೆ ದನಿ ಕೊಡೋದು ನನ್ನ ಕೆಲಸ. ಮೈಕನ್ನ ಯುಎಸ್‌ಬಿಗೆ ಹಾಕಿ ಓದಕ್ಕೆ ಕೂತ್ರೆ ಸಾಕು, ಸ್ವಲ್ಪ ಹೊತ್ತಿಗೆ ಕಂಪ್ಯೂಟರು ಟಿಂಗ್... ಟೊಂಗ್ ಅನ್ನತ್ತೆ. ಮೈಕು ಹೋಯ್ತು! ಕಿತ್ತು ಹಾಕಿದ್ರೆ ಮತ್ತೆ ಬರತ್ತೆ. ಮತ್ತೆ ಹೋಗತ್ತೆ."

ಟಿಂಗ್... ಟೊಂಗ್. ಇಳಿಯುವ ಎರಡು ಸ್ವರ. ಈಗೀಗ ಆ ಸದ್ದು ಅವಳ ಕನಸಿನಲ್ಲೂ ಕೇಳುತ್ತಿತ್ತು.

ಅದು ಬರಿಯ ಮೈಕಿನ ಮಾತಾಗಿರಲಿಲ್ಲ. ಟೊರಾಂಟೊದ ಸ್ಟುಡಿಯೋದ ಗಾಜಿನ ಡಬ್ಬಿಯಲ್ಲಿ ಕೂತು ಓದಿ ಓದಿ ಬೇಸತ್ತು, ಅಜ್ಜ ಬಿಟ್ಟುಹೋದ ಈ ಕೆರೆದಂಡೆಯ ಮನೆಗೆ ಅವಳು ಬಂದಿದ್ದಳು. ಇಲ್ಲಿಂದಲೇ ಓದುತ್ತೇನೆ ಎಂದು ಹಟ ಹಿಡಿದು ಒಂದು ದೊಡ್ಡ ಕಾದಂಬರಿ ಗಿಟ್ಟಿಸಿಕೊಂಡಿದ್ದಳು. ಆ ಓದನ್ನು ಟೊರಾಂಟೊದಿಂದ ನೇರವಾಗಿ ಕೇಳಿಸಿಕೊಂಡು ತಿದ್ದುವ ನಿರ್ದೇಶಕಿ ಡೆಲ್ಫಿನ್ ಆಗಲೇ ಎಚ್ಚರಿಸಿದ್ದಳು: "ಸಿಗ್ನಿ, ಹೀಗೇ ಕಡಿದು ಕಡಿದು ಹೋದ್ರೆ ಪುಸ್ತಕ ಬೇರೆಯವರ ಪಾಲು. ಇಲ್ಲಾ ನೀನು ಇಲ್ಲಿಗೇ ಬಂದು ಓದು."

ಪುಸ್ತಕ ಹೋದರೆ ಮನೆಗೆ ಬೀಗ ಹಾಕಿ, ಮತ್ತೆ ಅದೇ ಗಾಜಿನ ಡಬ್ಬಿ...

"ಡ್ರೈವರ್ ಕೆಟ್ಟಿರಬೇಕು," ಎಂದ ಡ್ಯಾನಿಲೊ. ಸಿಗ್ನಿ ಮುಖ ನೋಡಿ ಮತ್ತೆ ಹೇಳಿದ: "ಮೈಕು ಹೇಳಿದ್ದನ್ನ ಕಂಪ್ಯೂಟರಿಗೆ ಅರ್ಥ ಮಾಡಿಸೋ ಪುಟ್ಟ ಪ್ರೋಗ್ರಾಂ. ನೀವು ಮೊದಲು ಮೈಕು ಚುಚ್ಚಿ ಆಮೇಲೆ ಡ್ರೈವರ್ ಹಾಕಿದ್ರಾ?"

"ಹೂಂ."

"ಎಲ್ಲರೂ ಅದನ್ನೇ ಮಾಡ್ತಾರೆ. ಕಂಪ್ಯೂಟರು ಆತುರಕ್ಕೆ ಯಾವುದೋ ಸಿಕ್ಕಿದ ಡ್ರೈವರ್ ಹಾಕ್ಕೊಂಡುಬಿಡತ್ತೆ. ಹಳೇದನ್ನ ಬೇರುಸಮೇತ ಕಿತ್ತು, ಹೊಸದು ಹಾಕಿ, ಆಮೇಲೆ ಮೈಕು ಚುಚ್ಚಬೇಕು."

ಅವನು ಮೇಜಿನ ಕೆಳಗೆ, ಬರಿಯ ಮರದ ನೆಲದ ಮೇಲೆ ಕುಳಿತ. ಚೀಲದಿಂದ ಸುರುಳಿ ವಯರಿನ ಕಪ್ಪು ಪಟ್ಟಿಯೊಂದನ್ನು ತೆಗೆದು ಮಣಿಕಟ್ಟಿಗೆ ಬಿಗಿದು, ಅದರ ಇನ್ನೊಂದು ತುದಿಯ ಕ್ಲಿಪ್ಪನ್ನು ಕಂಪ್ಯೂಟರಿನ ಲೋಹದ ಪೆಟ್ಟಿಗೆಗೆ ಕಚ್ಚಿಸಿದ. ಆಮೇಲೆ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಕತ್ತೆತ್ತಿ ಪರದೆ ನೋಡುತ್ತ ಕೆಲಸ ಶುರುಮಾಡಿದ.

ಹಳೆಯ ಡ್ರೈವರ್ ಹೋಯಿತು. ಹೊಸದು ಬಂತು. ಮೈಕು ಚುಚ್ಚಿದ. ಟೊಂಗ್... ಟಿಂಗ್! ಏರುವ ಎರಡು ಸ್ವರ. ಅವನು ಮುಟ್ಟಿ ನೋಡಿದ, ಅಲ್ಲಾಡಿಸಿ ನೋಡಿದ, "ಹಲೋ, ಹಲೋ" ಎಂದ. ಮೈಕು ಬಂಡೆಯ ಹಾಗೆ ನಿಂತಿತ್ತು.

"ಆಯ್ತು ನೋಡಿ."

ಅವನು ಹೋದ. ಕಾರಿನ ಸದ್ದು ಬೀದಿಯ ತಿರುವಿನಲ್ಲಿ ಕರಗಿತು. ಸಿಗ್ನಿ ಕುರ್ಚಿಯಲ್ಲಿ ಕುಳಿತು, ಪುಸ್ತಕ ತೆರೆದು, ಮೈಕನ್ನು ತುಟಿಯ ಹತ್ತಿರ ಎಳೆದುಕೊಂಡಳು.

ಟಿಂಗ್... ಟೊಂಗ್.

"ಇಲ್ಲ... ಇಲ್ಲಾ!"

* * *

"ಬೀಜ ಬಿಟ್ಟು ಹೋಗಿದಾನೆ," ಎಂದಳು ಗುಡ್ರುನ್ ಅಜ್ಜಿ.

ಪಕ್ಕದ ಮನೆಯ ಗುಡ್ರುನ್ ಅಜ್ಜಿಗೆ ಈ ಊರಿನ ಎಲ್ಲರ ಗುಟ್ಟೂ ಗೊತ್ತು. ಗೊತ್ತಿಲ್ಲದ್ದನ್ನು ಅವಳೇ ಹುಟ್ಟಿಸುತ್ತಾಳೆ. ಒಣಹಣ್ಣಿನ ಪದರದ ಕೇಕನ್ನು ತಟ್ಟೆಗೆ ಕೊಯ್ದು ಹಾಕುತ್ತ ಕಣ್ಣು ಮಿಟುಕಿಸಿದಳು.

"ಏನು ಬೀಜ ಅಜ್ಜಿ?"

"ರಿಪೇರಿಯವರು ಇಷ್ಟವಾದ ಮನೇಲಿ ಒಂದು ಚೂರು ದೋಷ ಉಳಿಸಿಯೇ ಹೋಗೋದು ಕಣೆ. ಮತ್ತೆ ಕರೀಲಿ ಅಂತ. ನನ್ನ ಗಂಡ ಯಾರು ಅಂದುಕೊಂಡೆ? ನಮ್ಮಪ್ಪನ ಗಡಿಯಾರ ರಿಪೇರಿ ಮಾಡಕ್ಕೆ ಬಂದವನೇ! ಮದುವೆ ಆದ್ಮೇಲೇ ಆ ಗಡಿಯಾರ ಸರಿಯಾಗಿದ್ದು."

ಸಿಗ್ನಿ ಕೇಕು ಗಂಟಲಿಗೆ ಸಿಕ್ಕಿ ಕೆಮ್ಮಿದಳು.

"ಈ ಸ್ವೆಟರ್ ಹಾಕ್ಕೊಂಡೇ ಇರು. ಅದರಲ್ಲಿ ಚೆನ್ನಾಗಿ ಕಾಣ್ತೀಯ. ನಾನು ಹೆಣೆದದ್ದು ಅಂತ ಹೇಳ್ತಿಲ್ಲ..."

ಹೇಳುತ್ತಿದ್ದದ್ದು ಅದನ್ನೇ! ಆ ದಪ್ಪ ಉಣ್ಣೆಯ ಸ್ವೆಟರ್ ಇಲ್ಲದೆ ಸಿಗ್ನಿಗೆ ಓದಲು ಆಗುತ್ತಲೂ ಇರಲಿಲ್ಲ. ನೆಲಮಾಳಿಗೆಯಲ್ಲಿ ಮನೆ ಕಾಯಿಸುವ ಕುಲುಮೆ ಬಿಸಿಗಾಳಿ ಊದುವ ಸದ್ದು ಮೈಕಿಗೆ ಬೀಳುತ್ತದೆಂದು ಓದುವಾಗ ಅದನ್ನು ಆರಿಸುತ್ತಿದ್ದಳು. ಮನೆ ಹೊರಗಿನ ಕೆರೆಯಂತೆ ಹೆಪ್ಪುಗಟ್ಟುತ್ತಿತ್ತು. ಆಗ ಅಜ್ಜಿಯ ಸ್ವೆಟರ್, ಅಜ್ಜಿಯೇ ಕೊಟ್ಟು ಕುರ್ಚಿಗೆ ಹೊದಿಸಿದ ಕುರಿಯ ತುಪ್ಪುಳ, ಎರಡು ಜೊತೆ ಉಣ್ಣೆ ಕಾಲುಚೀಲ.

ಡ್ಯಾನಿಲೊ ಮತ್ತೆ ಬಂದ. ಮತ್ತೆ ಮತ್ತೆ ಬಂದ. ಪ್ರತಿ ಸಲವೂ ಬಾಗಿಲ ಹಿತ್ತಾಳೆ ಹಿಡಿಯನ್ನು ಜೋಪಾನವಾಗಿ ಮುಟ್ಟಿಯೇ ಒಳಗೆ ಕಾಲಿಡುತ್ತಿದ್ದ. ಮೊದಲ ದಿನದ ಕಿಡಿ ಮತ್ತೆ ಹಾರಲೇ ಇಲ್ಲ. ಅದಕ್ಕೆ ತನಗೇಕೆ ಸಣ್ಣಗೆ ನಿರಾಸೆಯಾಗುತ್ತಿದೆ ಎಂದು ಸಿಗ್ನಿಗೆ ತಿಳಿಯಲಿಲ್ಲ.

ಕೇಬಲ್ ಬದಲಾಯಿಸಿದ. ಬೇರೆ ತೂತಿಗೆ ಚುಚ್ಚಿದ. ವಿದ್ಯುತ್ ಉಳಿಸಲು ಕಂಪ್ಯೂಟರು ತಾನಾಗಿಯೇ ಮೈಕನ್ನು ಮಲಗಿಸದಂತೆ ಮಾಡಿದ. ಮೇಜಿನ ಕೆಳಗೆ ಅವನಿದ್ದಷ್ಟು ಹೊತ್ತು ಎಲ್ಲ ಸರಿ!

"ನಿಮ್ಮ ಮೈಕಿಗೆ ನನ್ನ ಕಂಡ್ರೆ ಭಯ."

"ನನ್ನ ಕಂಡ್ರೆ ಹೊಟ್ಟೆಕಿಚ್ಚು."

"ಮೇಜಿನ ಕೆಳಗೇ ನನಗೊಂದು ಹಾಸಿಗೆ ಹಾಕಿಕೊಟ್ಟುಬಿಡಿ ಹಾಗಾದ್ರೆ."

ಇಬ್ಬರೂ ನಕ್ಕರು. ನಗು ನಿಂತ ಮೇಲೂ ಇಬ್ಬರ ಕಣ್ಣೂ ಅಲ್ಲೇ ನಿಂತಿದ್ದವು. ಅವನು ಬೇಗನೆ ತಲೆ ತಗ್ಗಿಸಿ ಮೇಜಿಗೆ ಹಣೆ ಬಡಿಸಿಕೊಂಡ.

* * *

ಡೆಲ್ಫಿನ್ ಕೊಟ್ಟ ಕೊನೆಯ ದಿನ ಬಂತು.

ಡ್ಯಾನಿಲೊ ಬೆಳಗ್ಗೆಯೇ ಬಂದು ಎಲ್ಲವನ್ನೂ ಹೊಸದಾಗಿ ಹೊಂದಿಸಿದ್ದ. ಬಿಗಿದಿದ್ದ ಪಟ್ಟಿ ಬಿಚ್ಚಿ ಅಡುಗೆಮನೆಯ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತ. ಸಿಗ್ನಿ ಓದತೊಡಗಿದಳು. ಎಷ್ಟು ಚೆನ್ನಾಗಿ ಓದಿದಳೆಂದರೆ, ಆ ಕಡೆ ಡೆಲ್ಫಿನ್ ಕೂಡ ತಿದ್ದುವುದನ್ನು ಮರೆತಳು. ಕತೆಯ ನಾಯಕಿ ಬಾಗಿಲು ತಟ್ಟುವ ಸಾಲು ಬಂತು. ಸಿಗ್ನಿ ಕುರ್ಚಿಯಲ್ಲಿ ಕೊಂಚ ಮುಂದೆ ಸರಿದು ಮೈಕಿನ ಕಂಬ ಹಿಡಿದಳು.

ಟಿಂಗ್... ಟೊಂಗ್.

"ಸಿಗ್ನಿ?" ಕಿವಿಯಲ್ಲಿ ಡೆಲ್ಫಿನ್ ದನಿ. "ಮತ್ತೆ ಹೋಯ್ತಲ್ಲ... ನಾಳೆ ಬೆಳಗ್ಗೆ ಒಂದೇ ಒಂದು ಸಲ. ಆಮೇಲೆ ನನ್ನ ಕೈಲಿ ಏನೂ ಇರಲ್ಲ ಕಣೇ."

ಸಿಗ್ನಿ ಹೆಡ್‌ಫೋನ್ ಕಿತ್ತಿಟ್ಟಳು. ಡ್ಯಾನಿಲೊ ಮತ್ತೆ ಮೇಜಿನ ಕೆಳಗೆ ತೂರಿದ. ಸ್ವಲ್ಪ ಹೊತ್ತಿಗೆ ಅವನ ಫೋನು ಮೊಳಗಿತು. "ನಮ್ಮಕ್ಕ. ಒಂದು ನಿಮಿಷ," ಎಂದು ಮುಂಬಾಗಿಲ ಜಗಲಿಗೆ ಹೋದ.

ಅವನಿಗೆ ಕಾಫಿ ಕೊಡೋಣವೆಂದು ಸಿಗ್ನಿ ಲೋಟ ಹಿಡಿದು ಹೊರಟಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"...ಇಲ್ಲ ಲೆಸ್ಯಾ, ಇನ್ನೂ ಸರಿಹೋಗಿಲ್ಲ. ಸರಿಹೋಗೋದೇ ಬೇಡ ಅನ್ಸತ್ತೆ ಒಂದೊಂದ್ಸಲ. ಸರಿಹೋದ್ರೆ ಆಮೇಲೆ ಯಾವ ನೆಪ ಹೇಳ್ಕೊಂಡು ನಾನು ಈ ಮನೆಗೆ ಬರ್ಲಿ ಹೇಳು?"

ಲೋಟವನ್ನು ಅಲ್ಲೇ ನೆಲಕ್ಕಿಟ್ಟಳು.

'ಬೀಜ ಬಿಟ್ಟು ಹೋಗಿದಾನೆ...'

ಸಿಗ್ನಿ ಮೇಜಿನ ಬಳಿ ಓಡಿದಳು. ಪರದೆಯ ಮೇಲೆ ಕಂಪ್ಯೂಟರಿಗೆ ತಗಲಿಸಿದ ಯಂತ್ರಗಳ ಹೆಸರು. ಅವಳ ಮೈಕಿನ ಹೆಸರಿನ ಪಕ್ಕದಲ್ಲಿ ಕೆಳಮುಖದ ಪುಟ್ಟ ಕಪ್ಪು ಬಾಣ! ಅದರ ಅರ್ಥ ಅವನೇ ಹೇಳಿಕೊಟ್ಟಿದ್ದ. ಯಾರೋ ಬೇಕೆಂದೇ ಆ ಯಂತ್ರವನ್ನು ಆಫ್ ಮಾಡಿದ್ದಾರೆ.

ಯಾರೋ? ಇನ್ಯಾರು!

"ನೀವೇನಾ?"

ಒಳಗೆ ಬಂದು ಫೋನನ್ನು ಚೀಲಕ್ಕೆ ಹಾಕಿದ ಡ್ಯಾನಿಲೊ ಅಲ್ಲೇ ನಿಂತ. "ಏನು?"

"ಈ ಬಾಣ. ಮೈಕು ಆರಿಸಿದ್ದು ನೀವೇನಾ ಅಂದೆ."

"ಹೌದು, ಒಂದ್ಸಲ ಆರಿಸಿ ಮತ್ತೆ ಹಚ್ಚಿದ್ರೆ ಕೆಲವು ಸಲ..."

"ಸಾಕು!" ಅವಳ ದನಿ ಒಡೆಯಿತು. "ಸರಿಹೋಗೋದೇ ಬೇಡ ಅಂದ್ರಲ್ಲ? ಕೇಳಿಸ್ತು ನನಗೆ. ನಿಮಗದು ನೆಪ. ನನಗೆ ಅದು ಬದುಕು ಕಣ್ರೀ! ನಾಳೆ ಈ ಪುಸ್ತಕ ಹೋದ್ರೆ ನಾನು ಈ ಮನೆ ಬಿಟ್ಟು ಹೋಗ್ಬೇಕು, ಗೊತ್ತಾ?"

ಅವನ ಮುಖ ಸುಣ್ಣದಂತಾಯಿತು. ಮನೆ ಬಿಡುವ ಮಾತು ಅವನಿಗೆ ಗೊತ್ತಿರಲಿಲ್ಲ. ತನ್ನ ಗುಟ್ಟು ಅವಳಿಗೆ ತಿಳಿಯುವುದಾದರೆ ಹೀಗೆ ತಿಳಿಯಬಾರದಿತ್ತು...

"ಸಿಗ್ನಿ, ಆ ಮಾತು ಆಡಿದ್ದು ನಿಜ. ಆದ್ರೆ ನಾನು..."

"ನಿಜ ತಾನೆ? ಹೋಗಿ. ದಯವಿಟ್ಟು ಹೋಗಿ!"

ಅವನು ಹೋದ. ಅವಸರದಲ್ಲಿ ಚೀಲವನ್ನೂ ಮರೆತು ಹೋದ.

* * *

ಅತ್ತು ಮುಗಿದ ಮೇಲೆ ಸಿಗ್ನಿ ತೋಳು ಮಡಿಸಿದಳು. 'ನೀನು ಕೆಡಿಸಿದ್ದನ್ನ ನಾನೇ ಸರಿಮಾಡ್ತೀನಿ, ನೋಡ್ತಿರು.'

ಅವನು ಮಾಡುವುದನ್ನು ನೋಡಿ ನೋಡಿ ಅವಳಿಗೂ ಬಾಯಿಪಾಠವಾಗಿತ್ತು. ಮೈಕು ಕಿತ್ತಳು. ಡ್ರೈವರ್ ಅಳಿಸಿದಳು. ಕಂಪ್ಯೂಟರು ಆರಿಸಿ ಹಚ್ಚಿದಳು. ಹೊಸ ಡ್ರೈವರ್ ಹಾಕಿದಳು. ಕೊನೆಗೆ ಮೈಕು ಚುಚ್ಚಿದಳು. ಬಾಣ ಮಾಯವಾಗಿತ್ತು. ಗೆದ್ದೆ ಎಂದುಕೊಂಡು ಕುರ್ಚಿಯಲ್ಲಿ ಕುಳಿತು ಓದತೊಡಗಿದಳು.

ಟಿಂಗ್... ಟೊಂಗ್.

ಈಗ ಇಲ್ಲಿ ಅವನ ಕೈವಾಡ ಏನೂ ಉಳಿದಿಲ್ಲವಲ್ಲ!

ಹಿಮದಲ್ಲಿ ಓಡಿಹೋಗಿ ಗುಡ್ರುನ್ ಅಜ್ಜಿಯ ಲ್ಯಾಪ್‌ಟಾಪ್ ತಂದಳು. ಡ್ಯಾನಿಲೊ ಅದನ್ನು ಎಂದೂ ಕಣ್ಣಿಂದಲೂ ನೋಡಿರಲಿಲ್ಲ. ಹಿಂದೆಯೇ ಬಂದ ಅಜ್ಜಿಯ ಎದುರು ಅದಕ್ಕೆ ಮೈಕು ಚುಚ್ಚಿ ಕುಳಿತಳು. ಎರಡು ಪುಟ ಓದಿದಳು. ಪುಟ ತಿರುವಿ ಮೈಕಿನ ಕಂಬ ಮುಟ್ಟಿದಳು.

ಟಿಂಗ್... ಟೊಂಗ್.

"ಅಜ್ಜೀ..." ಸಿಗ್ನಿ ಬಿಳಿಚಿಕೊಂಡಳು. "ಅವನಲ್ಲ. ಅವನು ಏನೂ ಮಾಡಿಲ್ಲ!"

"ಬೀಜ ಗೀಜ ಅಂದಿದ್ದು ತಮಾಷೆಗೆ ಕಣೆ ಹುಡುಗಿ," ಅಜ್ಜಿಯ ದನಿ ಉಡುಗಿತ್ತು. "ಅದನ್ನೇ ಹಿಡ್ಕೊಂಡು ಆ ಪಾಪದವನನ್ನ ಓಡಿಸಿಬಿಟ್ಯಾ?"

ಸಿಗ್ನಿ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಅವನ ಫೋನು ಮರೆತುಹೋದ ಚೀಲದೊಳಗೇ ಗುಂಯ್‌ಗುಡುತ್ತಿತ್ತು!

* * *

ಬೆಳಗಾಗುತ್ತಲೇ ಕೋಟು ತೊಟ್ಟು, ಚೀಲ ಹೆಗಲಿಗೇರಿಸಿ ಬಾಗಿಲು ತೆರೆದಳು.

ಎದುರಿಗೆ ಅವನು!

ಬಾಗಿಲು ತಟ್ಟಲು ಎತ್ತಿದ ಕೈ ಗಾಳಿಯಲ್ಲೇ ನಿಂತಿತ್ತು. ಇನ್ನೊಂದು ಕೈಯಲ್ಲಿ ಒಂದು ಹಳೆಯ ಮೈಕು.

"ನಾನು ಒಳಗೆ ಬರಲ್ಲ," ಎಂದ ಡ್ಯಾನಿಲೊ, ಕಣ್ಣು ನೆಲಕ್ಕೆ ನೆಟ್ಟು. "ಇದು ನನ್ನ ಸ್ವಂತದ್ದು. ಹಾಡ್ತಿದ್ದೆ ಒಂದು ಕಾಲದಲ್ಲಿ... ಕೆಟ್ಟದಾಗಿ. ಇವತ್ತು ಇದರಲ್ಲಿ ಓದಿ. ನೀವು ಈ ಮನೆ ಬಿಡೋ ಹಾಗಾಗಬಾರದು. ನನ್ನ ಮುಖ ನೋಡೋದು ಬೇಡ ಅಂದ್ರೆ ಬೇಡ."

ಸಿಗ್ನಿಯ ಬಾಯಿಗೆ ಬಂದ ಕ್ಷಮೆಯ ಮಾತುಗಳೆಲ್ಲ ಒಂದಕ್ಕೊಂದು ತೊಡರಿಕೊಂಡವು. ಅವನ ತೋಳು ಹಿಡಿದು ಒಳಗೆಳೆದಳು. ಚೀಲ ಬಾಗಿಲ ಬಳಿ ಇಳಿಸಿ, ಕೋಟು ಬೂಟು ಕಿತ್ತು ಬಿಸಾಡಿ, ದಪ್ಪ ಜಮಖಾನದ ಮೇಲೆ ಉಣ್ಣೆ ಕಾಲುಚೀಲದ ಕಾಲು ಎಳೆಯುತ್ತ ಅವನನ್ನು ಮೇಜಿನವರೆಗೂ ದರದರ ಕರೆದೊಯ್ದಳು.

"ನಾನೇ ಎಲ್ಲ ಅಳಿಸಿ ಹಾಕಿದೆ. ಆದ್ರೂ ಹೋಯ್ತು. ಅಜ್ಜಿ ಲ್ಯಾಪ್‌ಟಾಪಲ್ಲೂ ಹೋಯ್ತು. ನೀವಲ್ಲ... ನಾನು ಎಂಥ ಮಾತು ಆಡಿಬಿಟ್ಟೆ! ನೋಡಿ, ಇಲ್ಲೇ..."

ತೋರಿಸಲು ಮೈಕಿನ ಕಂಬದ ಕಡೆ ಕೈ ಚಾಚಿದಳು.

ಚಟ್!

ಟಿಂಗ್... ಟೊಂಗ್.

ಇಬ್ಬರೂ ಕಲ್ಲಾದರು.

"ಈಗೇನಾಯ್ತು?" ಡ್ಯಾನಿಲೊನ ದನಿ ಪಿಸುಗುಟ್ಟಿತು.

"ಶಾಕ್ ಹೊಡೀತು. ದಿನಾ ಹೊಡೆಯತ್ತೆ... ಗಿಮ್ಲಿ ಚಳಿಗಾಲ ಅಲ್ವಾ, ಯಾರು ಲೆಕ್ಕಕ್ಕಿಡ್ತಾರೆ..."

"ಮತ್ತೊಂದ್ಸಲ ಮಾಡಿ!"

ಮೈಕು ಕಿತ್ತು ಚುಚ್ಚಿದ. ಅವಳು ಕುರಿಯ ತುಪ್ಪುಳದ ಮೇಲೆ ಕುಳಿತು, ಸ್ವೆಟರಿನಲ್ಲಿ ಮೈ ಹೊರಳಿಸಿ, ಬೆರಳು ಚಾಚಿದಳು. ಚಟ್! ಟಿಂಗ್... ಟೊಂಗ್.

"ದೇವರೇ!" ಡ್ಯಾನಿಲೊ ತಲೆ ಹಿಡಿದುಕೊಂಡು ನೆಲಕ್ಕೆ ಕುಸಿದ. "ಡ್ರೈವರ್ ಡ್ರೈವರ್ ಅಂತ ಬಡ್ಕೊಂಡೆನಲ್ಲ! ಕಿಡಿ ಹೊಡೆದಾಗ ಮೈಕಿಗೆ ತಲೆಸುತ್ತು ಬರತ್ತೆ, ಕಂಪ್ಯೂಟರು ಅದನ್ನ ಕೈಬಿಡತ್ತೆ. ಅಷ್ಟೇ!"

"ಮತ್ತೆ ನೀವು ಮುಟ್ಟಿದಾಗ ಯಾಕೆ ಹೋಗ್ತಿರ್ಲಿಲ್ಲ?"

ಅವನು ಎದ್ದುಹೋಗಿ ಬಾಗಿಲ ಬಳಿಯ ಚೀಲಕ್ಕೆ ಕೈ ಹಾಕಿ ಸುರುಳಿ ವಯರಿನ ಕಪ್ಪು ಪಟ್ಟಿಯನ್ನು ಮೆಲ್ಲಗೆ ಹೊರಗೆಳೆದ. ತಪ್ಪು ಮಾಡಿದ ಹುಡುಗನ ಮುಖ ಮಾಡಿಕೊಂಡು ಅದನ್ನು ಮೇಲೆತ್ತಿ ತೋರಿಸಿದ.

"ಇದರಿಂದ. ನಮ್ಮ ಮೈಯ ಕಿಡಿ ಯಂತ್ರಕ್ಕೆ ಹೊಡೀಬಾರದು ಅಂತ ಕಟ್ಕೊಳ್ಳೋದು. ಕಿಡಿ ಹುಟ್ಟೋ ಮೊದಲೇ ವಯರಲ್ಲಿ ಇಳಿದುಹೋಗತ್ತೆ. ಕೂತ ತಕ್ಷಣ ಕಟ್ಕೊಳ್ತೀನಿ, ಅಭ್ಯಾಸ. ಕಾಯಿಲೆ ಹುಡುಕೋಕೆ ಬಂದವನು ಬಾಗಿಲಲ್ಲೇ ಕಾಯಿಲೆಗೆ ಔಷಧಿ ಹಾಕಿಬಿಡ್ತಿದ್ದೆ!"

ಸಿಗ್ನಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ಅವಳಿಗೇ ತಿಳಿಯಲಿಲ್ಲ.

ಡೆಲ್ಫಿನ್ ಕರೆ ಬರುವ ಹೊತ್ತಾಗಿತ್ತು. ತುಪ್ಪುಳದ ಕುರ್ಚಿ ಮೂಲೆಗೆ ಹೋಯಿತು, ಅಡುಗೆಮನೆಯ ಮರದ ಸ್ಟೂಲು ಬಂತು. ಜಮಖಾನ ಸುತ್ತಿ ಬದಿಗಿಟ್ಟರು. ಕುಲುಮೆ ಆರಿತು.

"ಸ್ವೆಟರ್ ಬಿಚ್ಚಲಾ?" ಅವಳು ಹಲ್ಲು ಕಟಕಟಿಸುತ್ತ ಕೇಳಿದಳು.

"ಬೇಡ, ನಡುಗ್ತೀರಿ. ದನೀಲೂ ಕೇಳಿಸತ್ತೆ. ಕೈ ಕೊಡಿ."

ಅವನು ಪಟ್ಟಿಯನ್ನು ಅವಳ ಮಣಿಕಟ್ಟಿಗೆ ಸುತ್ತಿ, ಎಷ್ಟು ಬಿಗಿಯಿರಬೇಕೋ ಅಷ್ಟೇ ಬಿಗಿದ. ಕಂಕಣ ಕಟ್ಟುವವನ ಹಾಗೆ, ಉಸಿರೂ ಬಿಡದೆ. ಅವನ ಬೆರಳು ಅವಳ ನಾಡಿಯ ಮೇಲಿತ್ತು. ಅದು ಓಡುತ್ತಿದ್ದ ವೇಗ ಅವನಿಗೆ ತಿಳಿಯದೆ ಇರಲು ಸಾಧ್ಯವೇ ಇರಲಿಲ್ಲ. ವಯರಿನ ಕ್ಲಿಪ್ಪನ್ನು ಪೆಟ್ಟಿಗೆಗೆ ಕಚ್ಚಿಸಿ ಹಿಂದೆ ಸರಿದ.

ಅವಳು ಓದಿದಳು.

ನಾಯಕಿ ಬಾಗಿಲು ತಟ್ಟಿದಳು. ಸಿಗ್ನಿ ಮುಂದೆ ಸರಿದಳು. ಕಂಬ ಹಿಡಿದಳು. ಅಡುಗೆಮನೆಯ ಬಾಗಿಲಲ್ಲಿ ಡ್ಯಾನಿಲೊ ಕಣ್ಣು ಮುಚ್ಚಿಕೊಂಡ.

ನಿಶ್ಶಬ್ದ. ಕತೆಯಲ್ಲಿ ಬಾಗಿಲು ತೆರೆಯಿತು. ಅಧ್ಯಾಯ ಮುಗಿಯುವವರೆಗೂ ಅವಳ ದನಿಯೊಂದೇ ಆ ತಣ್ಣನೆಯ ಮನೆಯಲ್ಲಿ ನಡೆದಾಡಿತು.

"ಸಿಗ್ನಿ..." ಕೊನೆಗೆ ಡೆಲ್ಫಿನ್ ಅಂದಳು. "ಎಲ್ಲಿತ್ತೇ ಈ ದನಿ ಇಷ್ಟು ದಿನ? ಪುಸ್ತಕ ನಿನ್ನದೇ. ಅಲ್ಲೇ ಕೂತು ಓದು."

ಸಿಗ್ನಿ ಪಟ್ಟಿ ಬಿಚ್ಚಿ ಎದ್ದಳು. ಅಷ್ಟರಲ್ಲಿ ಕೇಕಿನ ತಟ್ಟೆ ಹಿಡಿದು ಒಳಬಂದ ಗುಡ್ರುನ್ ಅಜ್ಜಿ, ನಡೆದದ್ದೆಲ್ಲ ಕೇಳಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ನನ್ನ ಸ್ವೆಟರಾ? ನಾನು ಹೆಣೆದ ಸ್ವೆಟರೇ ಕಳ್ಳನಾ?"

"ಜೊತೆಗೆ ನೀವು ಕೊಟ್ಟ ತುಪ್ಪುಳ, ಅಜ್ಜಿ."

"ಹಾಗಾದ್ರೆ ಇಷ್ಟು ಸಲ ಈ ಹುಡುಗನ್ನ ಇಲ್ಲಿಗೆ ಕರೆಸಿದ್ದು ನಾನೇ!" ಅಜ್ಜಿಯ ಮುಖ ಅರಳಿತು. ತಟ್ಟೆ ಇಟ್ಟು, ಬಂದಷ್ಟೇ ಬೇಗ ಹೊರಟುಹೋದಳು. ಹೋಗುವಾಗ ಬಾಗಿಲನ್ನು ಬೇಕೆಂದೇ ಗಟ್ಟಿಯಾಗಿ ಮುಚ್ಚಿದಳು.

ಈಗ ಇಬ್ಬರೇ.

"ಸರಿಹೋಯ್ತಲ್ಲ," ಎಂದ ಡ್ಯಾನಿಲೊ. ಚೀಲದ ಜಿಪ್ಪನ್ನು ಎಳೆದ, ಬಿಟ್ಟ, ಮತ್ತೆ ಎಳೆದ. "ಇನ್ನು ನೆಪ ಇಲ್ಲ. ಅದಕ್ಕೇ ನೆಪ ಇಲ್ಲದೆ ಹೇಳ್ತೀನಿ. ಮೈಕು ಸರಿ ಮಾಡಕ್ಕೆ ಬಂದಿದ್ದು ಮೊದಲ ದಿನ ಒಂದೇ. ಆಮೇಲೆ ಬಂದಿದ್ದೆಲ್ಲ ನಿಮ್ಮನ್ನ ನೋಡಕ್ಕೆ. ನಾನು ಏನೂ ಕೆಡಿಸ್ಲಿಲ್ಲ ಸಿಗ್ನಿ. ಆದ್ರೆ ಬೇಗ ಸರಿಹೋಗ್ಲಿ ಅಂತ ಬೇಡ್ಕೊಳ್ಳಲೂ ಇಲ್ಲ. ಅಷ್ಟು ತಪ್ಪು ನನ್ನದು."

ದಿನವಿಡೀ ಬೇರೆಯವರ ಪ್ರೇಮದ ಮಾತುಗಳನ್ನು ಸ್ಪಷ್ಟವಾಗಿ ಓದುವ ಸಿಗ್ನಿಗೆ ತನ್ನದೇ ಒಂದು ಮಾತು ತೊದಲಿತು.

"ನಾನೂ... ನಾನೂ ಬೇಡ್ಕೊಳ್ಳಲಿಲ್ಲ."

ಅವನು ತಲೆಯೆತ್ತಿದ. ಒಂದು ಹೆಜ್ಜೆ ಮುಂದಿಟ್ಟ. ಆಮೇಲೆ ಏನೋ ನೆನಪಾಗಿ, ಗಿಮ್ಲಿಯ ಒಳ್ಳೆಯ ಹುಡುಗನ ಹಾಗೆ, ಬಾಗಿಲ ಹಿತ್ತಾಳೆ ಹಿಡಿಯ ಕಡೆ ತಿರುಗಿದ.

"ಬೇಡ," ಎಂದಳು ಸಿಗ್ನಿ. "ಅದನ್ನ ಮುಟ್ಟಬೇಡ."

'ನೀವು' ಎಲ್ಲೋ ಬಿದ್ದುಹೋಗಿತ್ತು. ಇಬ್ಬರಿಗೂ ಅದು ಕೇಳಿಸಿತು.

"ಶಾಕ್ ಹೊಡೆಯತ್ತೆ ಕಣೇ..."

"ಹೊಡೀಲಿ."

ಮೈಕಿನ ಕಂಬಕ್ಕೆ ಒಂದು ಕೈ ಊರಿ, ಉಣ್ಣೆಯ ಸ್ವೆಟರು ತೊಟ್ಟ ಅವಳು ಇನ್ನೊಂದು ಕೈ ಚಾಚಿದಳು. ಅವನೂ ಕೈ ಚಾಚಿದ.

ಚಟ್!

ಟಿಂಗ್... ಟೊಂಗ್.

"ಹೋಯ್ತು," ಎಂದ ಅವನು, ಅವಳ ಕೈ ಬಿಡದೆ.

"ನಾಳೆ ಬಂದು ನೋಡು."